ಅಜ್ಜನಮನೆ ಗುಂಪಿಗೆ ಬಂದ ಗುಡಿಸಲಿನ ಫೋಟೋ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ಅಜ್ಜನಮನೆ’. ಶಿರಸಿ ಕಡೆಯವರು ನಾವು. ಈಗ ಊರಲ್ಲಿರುವುದು ಮೂರೇ ಮನೆ. ಮಿಕ್ಕವರೆಲ್ಲ ಹುಬ್ಬಳ್ಳಿ, ಬೆಂಗಳೂರು, ಮುಂಬೈ, ಅಮೆರಿಕ ಅಂತ ಹಂಚಿಹೋಗಿದ್ದೇವೆ. ಗುಂಪಿನ ಅಡ್ಮಿನ್ ನಾನು. ಕಳೆದ ಭಾನುವಾರ ಅಲ್ಲಿ ನಡೆದದ್ದನ್ನು ಬರೆಯಲೇಬೇಕು ಅನಿಸಿದೆ. ಇಂಥದೇ ಫಾರ್ವರ್ಡ್ ನಿಮ್ಮ ಮನೆಯ ಗುಂಪಿಗೂ ಬಂದಿರಬಹುದು.

ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪ ಒಂದು ಫೋಟೋ ಹಾಕಿದರು. ಶಾಲೆಯ ಅಂಗಳ, ಅದರಲ್ಲಿ ಹಲಗೆಯ ಗೋಡೆಯ ಗುಡಿಸಲು. ಮೇಲೆ ಹಸಿರು ಕೊಂಬೆಗಳು. ಒಳಗೆ ಬೆಂಚಿನ ಮೇಲೆ ಪುಟ್ಟ ಟೋಪಿ ಹಾಕಿದ ಮಕ್ಕಳು. ಕೆಳಗೆ ಹೀಗೆ ಬರೆದಿತ್ತು:

“ಯಹೂದಿ ಶಾಲೆಗಳ ಗುಟ್ಟು! ಅಲ್ಲಿ ಮಕ್ಕಳು ಗುಡಿಸಲಲ್ಲಿ ಕೂತು ಗುರುಕುಲದ ಹಾಗೆ ಕಲಿಯುತ್ತಾರೆ. ಗುರುಗಳಿಗೆ ಎದುರು ಪ್ರಶ್ನೆ ಇಲ್ಲ. ಪ್ರವಾಸ ಅಂದರೆ ಬ್ಯಾಂಕು, ಕಾರ್ಖಾನೆ. ಚಿಕ್ಕಂದಿನಿಂದಲೇ ವ್ಯಾಪಾರದ ಪಾಠ. ಅದಕ್ಕೇ ಇವತ್ತು ಜಗತ್ತನ್ನು ಆಳುತ್ತಿದ್ದಾರೆ. ನಮ್ಮ ಮಕ್ಕಳು? ಬರೀ ಮೊಬೈಲ್!”

ದೊಡ್ಡಪ್ಪ: ಎಲ್ಲ ತಂದೆ ತಾಯಂದಿರೂ ಓದಲೇಬೇಕು. ಶಿಸ್ತು ಅಂದರೆ ಇದು.

ಹತ್ತು ನಿಮಿಷದಲ್ಲಿ ಹದಿನಾಲ್ಕು ಜನ ಕೈ ಮುಗಿದರು. ಪೂರ್ತಿ ಓದಿದವರು ಎಷ್ಟು ಜನವೋ. ನಾನಂತೂ ಓದಿರಲಿಲ್ಲ.

ಹುಬ್ಬಳ್ಳಿ ಭಾವ: ಇದು ಯಾವ ಶಾಲೆ? ಯಾವ ದೇಶ? ಬರೆದವರು ಯಾರು? ಮೂಲ ಇಲ್ಲದ್ದನ್ನು ಹಾಕಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ.

ದೊಡ್ಡಪ್ಪ: ಒಳ್ಳೆಯ ಮಾತಿಗೆ ಮೂಲ ಯಾಕೆ ಬೇಕು?

ಭಾವ: ಅರಿಶಿನದ ಕಷಾಯಕ್ಕೂ ಹೀಗೇ ಅಂದಿದ್ದಿರಿ.

ಅಷ್ಟರಲ್ಲಿ ನ್ಯೂಜೆರ್ಸಿ ಅಕ್ಕ ಬಂದಳು. ಅಲ್ಲಿ ಶನಿವಾರ ರಾತ್ರಿ ಒಂಬತ್ತು ದಾಟಿತ್ತು.

ಅಕ್ಕ: ದೊಡ್ಡಪ್ಪ, ಅದು ಗುರುಕುಲ ಅಲ್ಲ. ಅದಕ್ಕೆ ಸುಕ್ಕಾ ಅಂತಾರೆ. ಸುಕ್ಕೋತ್ ಹಬ್ಬಕ್ಕೆ ಕಟ್ಟುವ ಚಪ್ಪರ. ಈಜಿಪ್ಟಿನಿಂದ ಬಿಡಿಸಿಕೊಂಡು ಬಂದ ಹಿರಿಯರು ಮರಳುಗಾಡಲ್ಲಿ ಗೂಡು ಕಟ್ಟಿಕೊಂಡು ಇದ್ದರಲ್ಲ, ಅದರ ನೆನಪಿಗೆ. ಹಬ್ಬದ ದಿನಗಳಲ್ಲಿ ಮಕ್ಕಳು ಅದರೊಳಗೆ ಊಟ ಮಾಡುತ್ತಾರೆ. ಪಾಠ ಎಲ್ಲ ಕ್ಲಾಸಿನಲ್ಲೇ.

ಭಾವ: ನೀನು ಇದನ್ನು ಕಣ್ಣಾರೆ ನೋಡಿದ್ದೀಯಾ, ಅಥವಾ ಇದೂ ಎಲ್ಲೋ ಓದಿದ್ದಾ?

ಅಕ್ಕ: ಭಾವ, ನಾನು ಅಲ್ಲೇ ಪಾಠ ಮಾಡೋದು. ಆರು ವರ್ಷ ಆಯ್ತು.

ಇದನ್ನು ಓದಿ ನನ್ನ ಮುಖ ಸಣ್ಣಗಾಯಿತು. ಅಕ್ಕ ಯಹೂದಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತು, ಅಷ್ಟೇ. ಹೋದ ವರ್ಷ ಅವರ ಪೂರಿಮ್ ಹಬ್ಬಕ್ಕೆ ಶಾಲೆಯಲ್ಲಿ ಎಲ್ಲರೂ ವೇಷ ಹಾಕುವ ದಿನ ಅವಳು ರಟ್ಟಿನಿಂದ ಯಕ್ಷಗಾನದ ಕಿರೀಟ ಮಾಡಿಕೊಂಡು ಹೋಗಿದ್ದಳು. ಫೋಟೋ ಹಾಕಿದಾಗ ನಾವೆಲ್ಲ ಹೆಬ್ಬೆರಳು ತೋರಿಸಿ ಸುಮ್ಮನಾದೆವು. ಅಲ್ಲಿ ಏನು ಹಬ್ಬ, ಮಕ್ಕಳು ಏನು ಮಾಡುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ.

ಭಾನುವಾರ ಅವಳೇ ಹೇಳತೊಡಗಿದಳು. ಅರ್ಧ ದಿನ ಹೀಬ್ರೂ ಮತ್ತು ಧರ್ಮಗ್ರಂಥದ ಪಾಠ, ಅರ್ಧ ದಿನ ಗಣಿತ, ವಿಜ್ಞಾನ, ಇಂಗ್ಲಿಷ್. ಪ್ರವಾಸ ಅಂದರೆ ಬ್ಯಾಂಕಿಗಲ್ಲ. ಎಂಟನೇ ಕ್ಲಾಸಿನವರು ವಾಷಿಂಗ್ಟನ್ನಿಗೆ ಹೋಗುತ್ತಾರೆ. ಅಲ್ಲಿ 1993ರಲ್ಲಿ ತೆರೆದ ಹಾಲೊಕಾಸ್ಟ್ ಮ್ಯೂಸಿಯಂ ಇದೆ. ನಾಜಿಗಳು ಕೊಂದ ಜನರ ಚಪ್ಪಲಿ, ಬೂಟುಗಳನ್ನು ಒಂದು ಕೋಣೆಯಲ್ಲಿ ರಾಶಿ ಹಾಕಿದ್ದಾರೆ. ಎಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿವೆ. ಬಸ್ಸಿನಲ್ಲಿ ಹಾಡುತ್ತಾ ಹೋದ ಮಕ್ಕಳು ಆ ಕೋಣೆಯಿಂದ ಹೊರಗೆ ಬರುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರಂತೆ.

ಅಕ್ಕ: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ‘ಜಗತ್ತನ್ನು ಆಳುತ್ತಿದ್ದಾರೆ’ ಅಂತ ಇದೆಯಲ್ಲ, ಆ ಸಾಲು ಹೊಗಳಿಕೆ ಅಲ್ಲ. ಅದೇ ಮಾತು ಹಬ್ಬಿಸಿ ಹಬ್ಬಿಸಿಯೇ ಅವರ ಮೇಲೆ ದ್ವೇಷ ಬೆಳೆಸಿದ್ದು, ಅರವತ್ತು ಲಕ್ಷ ಜನರನ್ನು ಕೊಂದದ್ದು. ನಮ್ಮ ಶಾಲೆಯ ಗೇಟಿನಲ್ಲಿ ಇವತ್ತಿಗೂ ಕಾವಲಿನವರು ಇದ್ದಾರೆ. ನಾನೂ ದಿನಾ ಕಾರ್ಡ್ ತೋರಿಸಿಯೇ ಒಳಗೆ ಹೋಗೋದು.

ಈ ಮಾತಿನ ಮೇಲೆ ಗುಂಪು ಒಂದು ಕ್ಷಣ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಚಿಕ್ಕಮ್ಮ: ಅಯ್ಯೋ, ಫೋಟೋದಲ್ಲಿ ಮೇಲಿಂದ ಹಣ್ಣು ಇಳಿಬಿಟ್ಟಿದ್ದು ನೋಡಿ! ಥೇಟ್ ನಮ್ಮ ಚೌತಿಯ ಫಲಾವಳಿ. ಅಜ್ಜ ಅಡಿಕೆ ಗೊನೆ ಕಟ್ಟುತ್ತಿದ್ದರು. ಸೌತೆಕಾಯಿ, ಹಾಗಲಕಾಯಿ, ಸಿಂಗಾರ, ಗೌರಿ ಹೂವು. ಈಗ ಯಾರು ಕಟ್ಟುತ್ತಾರೆ?

ಅತ್ತೆ: ಕಟ್ಟುವವರು ಇದ್ದರು. ಹಿಸೆಯಾದ ಮೇಲೆ ದೇವರ ಮನೆ ಯಾರ ಪಾಲಿಗೆ ಹೋಯಿತು ಅಂತ ನೆನಪು ಮಾಡಿಕೊಳ್ಳಿ.

ದೊಡ್ಡಪ್ಪ: ಆ ವಿಷಯ ಇಲ್ಲಿ ಬೇಡ.

ಅತ್ತೆ: ಶಿಸ್ತಿನ ಮಾತು ನೀವೇ ತೆಗೆದಿರಲ್ಲ. ಅಜ್ಜನ ವರ್ಷಾಂತಿಕದ ದಿನ ಈ ಹುಡುಗಿ ಭಟ್ಟರಿಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ ಊಟ ಮುಗಿಯುವ ತನಕ ಜಗಲಿಯಲ್ಲಿ ಕೂರಿಸಿದ್ದಿರಿ. ಅವಳಿಗೆ ಆಗ ಒಂಬತ್ತು ವರ್ಷ.

ಅದು ನಿಜ. ‘ಪಿಂಡ ಕಾಗೆ ತಿಂದರೆ ಅಜ್ಜನ ಹೊಟ್ಟೆ ಹೇಗೆ ತುಂಬುತ್ತದೆ’ ಅಂತ ಅಕ್ಕ ಕೇಳಿದ್ದಳು. ಅವಳ ಪಕ್ಕ ಕೂತು ಒಂದು ವಡೆ ಕೊಟ್ಟವನು ನಾನು.

ಮುಂಬೈ ಮಾವ ಮಾತು ತಿರುಗಿಸಲು ಅಂತಲೇ ಬಂದರು ಅನಿಸುತ್ತದೆ.

ಮಾವ: ನಮ್ಮ ಬ್ಯಾಂಕ್ ಇದ್ದದ್ದು ಬೈಕುಲ್ಲಾದಲ್ಲಿ. ಅಲ್ಲಿ ನೀಲಿ ಬಣ್ಣದ ಯಹೂದಿ ಪ್ರಾರ್ಥನಾ ಮಂದಿರ ಇದೆ, ಮಾಗೆನ್ ಡೇವಿಡ್ ಅಂತ. ಅದೇ ಕಾಂಪೌಂಡಿನಲ್ಲಿ ಸಸೂನ್ ಮನೆತನದವರ ಶಾಲೆ. ಯಹೂದಿ ಮಕ್ಕಳಿಗೆ ಅಂತ ಕಟ್ಟಿದ್ದು. ಆಮೇಲೆ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ, ಬೇರೆ ದೇಶಗಳಿಗೆ ಹೋದರು. ಈಗ ಅಲ್ಲಿ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಮಕ್ಕಳು. ಮಂದಿರದ ಪಕ್ಕದಲ್ಲೇ ಆಡುತ್ತಿರುತ್ತಾರೆ. ಯಾವ ಜಗಳವೂ ಇಲ್ಲ.

ಚಂದದ ಮಾತು. ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು.

ಮಾವ: ಮುಂಬೈಯ ಮೊದಲ ಯಹೂದಿ ಮಂದಿರ 1796ರದ್ದು. ಕಟ್ಟಿಸಿದವರು ಸ್ಯಾಮ್ಯುಯೆಲ್ ದಿವೇಕರ್, ಬ್ರಿಟಿಷ್ ಸೈನ್ಯದಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿದ್ದರು. ಇವರು ಬನಿ ಇಸ್ರೇಲ್ ಜನ, ಅಂದರೆ ಕೊಂಕಣ ಕಡೆಯ ಯಹೂದಿಗಳು ಅಂತ ತಿಳಿದು ಟಿಪ್ಪುವಿನ ತಾಯಿಯೇ ಪ್ರಾಣ ಉಳಿಸಿದರು ಅಂತ ಅವರಲ್ಲಿ ಹೇಳುತ್ತಾರೆ. ಬದುಕಿ ಬಂದ ಹರಕೆಗೆ ಕಟ್ಟಿಸಿದ್ದು ಅದು.

ಟಿಪ್ಪು ಹೆಸರು ಬಂದದ್ದೇ ತಡ, ಶಾಲೆಯೂ ಹೋಯಿತು, ಗುಡಿಸಲೂ ಹೋಯಿತು. ಮುಂದಿನ ಮುಕ್ಕಾಲು ಗಂಟೆ ಏನಾಯಿತು ಅಂತ ನಾನು ಬರೆಯುವುದಿಲ್ಲ. ಕರ್ನಾಟಕದ ಯಾವ ಗುಂಪಿನಲ್ಲಾದರೂ ಆಗುವುದೇ ಆಯಿತು. ಎಂಟು ವರ್ಷದಿಂದ ಮಾತೇ ಆಡದ ಇಬ್ಬರು ದೊಡ್ಡಪ್ಪನ ಮಕ್ಕಳು ಮಾತ್ರ ಒಂದೇ ಪಕ್ಷ ಹಿಡಿದರು. ಕೊನೆಗೆ ನಾನು ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಗುಂಪಿಗೆ ಬೀಗ ಹಾಕಿದೆ. ಆ ಹೊತ್ತಿಗೆ ಮೇಲೆ ‘ನ್ಯೂಜೆರ್ಸಿ ಅಕ್ಕ ಟೈಪ್ ಮಾಡುತ್ತಿದ್ದಾರೆ’ ಅಂತ ಕಾಣುತ್ತಿತ್ತು.

ಅದು ನನ್ನನ್ನು ರಾತ್ರಿಯವರೆಗೂ ಕೊರೆಯಿತು. ಗೊತ್ತಿದ್ದವಳು ಒಬ್ಬಳೇ ಇದ್ದಳು. ಅವಳ ಮಾತನ್ನೇ ತುಂಡು ಮಾಡಿದೆ. ಫೋನ್ ಮಾಡಿ, ಬರೆಯುತ್ತಿದ್ದದ್ದನ್ನು ನನಗೆ ಕಳಿಸು ಅಂದೆ. ಕಳಿಸಿದಳು. ಸೋಮವಾರ ಬೆಳಿಗ್ಗೆ ಬೀಗ ತೆಗೆದು ಅದನ್ನು ಹಾಗೇ ಗುಂಪಿಗೆ ಹಾಕಿದೆ:

“ದೊಡ್ಡಪ್ಪ, ನಮ್ಮ ಶಾಲೆಗೆ ಹೋದ ತಿಂಗಳು ಒಬ್ಬರು ಬಂದಿದ್ದರು. ಅವರ ಧರ್ಮಗ್ರಂಥ ತೋರಾವನ್ನು ಕೈಯಿಂದ ಬರೆಯುವವರು. ಸೋಫರ್ ಅಂತಾರೆ. ಚರ್ಮದ ಹಾಳೆ, ಹಕ್ಕಿಯ ಗರಿಯ ಲೇಖನಿ, ಕಪ್ಪು ಶಾಯಿ. ಒಟ್ಟು 3,04,805 ಅಕ್ಷರ. ಒಂದು ಅಕ್ಷರ ಬಿಟ್ಟುಹೋದರೂ ಸರಿಪಡಿಸುವ ತನಕ ಆ ಸುರುಳಿಯನ್ನು ಪ್ರಾರ್ಥನೆಗೆ ಬಳಸುವ ಹಾಗಿಲ್ಲ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, ತಪ್ಪಾದರೆ ಏನು ಮಾಡುತ್ತೀರಿ? ಅವರು ಒಂದು ಸಣ್ಣ ಚಾಕು ತೆಗೆದು, ಒಂದು ಅಕ್ಷರವನ್ನು ಮೆಲ್ಲಗೆ ಕೆರೆದು ತೋರಿಸಿದರು. ಪುಡಿ ಊದಿದರು. ಆ ಹುಡುಗಿ ಬಿಡಲಿಲ್ಲ. ದೇವರ ಹೆಸರೇ ತಪ್ಪಾದರೆ? ಆಗ ಕೆರೆಯುವ ಹಾಗಿಲ್ಲ, ಆ ಹಾಳೆಯನ್ನೇ ತೆಗೆದು ಮಣ್ಣು ಮಾಡುತ್ತೇವೆ, ಮನುಷ್ಯರನ್ನು ಮಾಡಿದ ಹಾಗೆ, ಅಂದರು. ಅವಳು ಕೇಳಿದ ಒಂದೊಂದು ಪ್ರಶ್ನೆಗೂ ಅವರು ಲೇಖನಿ ಕೆಳಗಿಟ್ಟು ಉತ್ತರ ಕೊಟ್ಟರು.

ಎದುರು ಪ್ರಶ್ನೆ ಇಲ್ಲ ಅಂತ ಬರೆದಿದ್ದಾರಲ್ಲ, ಅದು ತಪ್ಪು. ಅಲ್ಲಿ ಇಬ್ಬಿಬ್ಬರು ಮಕ್ಕಳು ಎದುರುಬದುರು ಕೂತು ಒಂದೊಂದು ಸಾಲಿಗೂ ವಾದ ಮಾಡುತ್ತಾ ಕಲಿಯುತ್ತಾರೆ. ಪಾಸೋವರ್ ಹಬ್ಬಕ್ಕೆ ಮೊದಲು ಶಾಲೆಯಲ್ಲೇ ಊಟದ ಮೇಜು ಹಾಕಿ ಅಭ್ಯಾಸ ಮಾಡಿಸುತ್ತಾರೆ. ಹುದುಗು ಬರಿಸದ ರೊಟ್ಟಿ, ಕಹಿ ಸೊಪ್ಪು, ಉಪ್ಪು ನೀರು. ಆ ಊಟದಲ್ಲಿ ಎಲ್ಲರಿಗಿಂತ ಚಿಕ್ಕವರು ಎದ್ದು ಕೇಳಬೇಕು, ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ ಅಂತ. ಮಗು ಕೇಳಿದ ಮೇಲೆಯೇ ದೊಡ್ಡವರು ಈಜಿಪ್ಟಿನಿಂದ ಬಿಡಿಸಿಕೊಂಡು ಬಂದ ಕತೆ ಹೇಳುವುದು. ಮೊದಲ ವರ್ಷ ಅದನ್ನು ನೋಡಿದಾಗ ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ನಮ್ಮ ಜಗಲಿ ನೆನಪಾಯಿತು. ನಿಮ್ಮ ಮೇಲೆ ಸಿಟ್ಟಿಲ್ಲ. ಹೇಳಬೇಕು ಅಂತ ಇತ್ತು, ಅಷ್ಟೇ.”

ಇಡೀ ಬೆಳಿಗ್ಗೆ ಯಾರೂ ಏನೂ ಬರೆಯಲಿಲ್ಲ. ಭಾವನೂ ಮೂಲ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೆಯ ಫಾರ್ವರ್ಡ್ ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಬಂತು. ಸಂಜೆ ಐದಕ್ಕೆ, ಅಲ್ಲಿ ಅಕ್ಕ ಶಾಲೆಗೆ ಹೊರಡುವ ಹೊತ್ತಿಗೆ, ದೊಡ್ಡಪ್ಪ ಬರೆದರು.

ದೊಡ್ಡಪ್ಪ: ತಂಗೀ, ಆ ಚಪ್ಪರ ಮಳೆಗೆ ಸೋರುವುದಿಲ್ಲವೇ?

ಅಕ್ಕ: ಸೋರುತ್ತದೆ ದೊಡ್ಡಪ್ಪ. ಮೇಲಿನ ಸೊಪ್ಪಿನ ಸಂದಿಯಿಂದ ನಕ್ಷತ್ರ ಕಾಣುವ ಹಾಗೆ ಹೊದಿಸಬೇಕು ಅಂತಾರೆ. ಮಳೆ ಜೋರಾದರೆ ತಟ್ಟೆ ಎತ್ತಿಕೊಂಡು ಒಳಗೆ ಓಡುತ್ತೇವೆ.

ದೊಡ್ಡಪ್ಪ: ಮತ್ತೆ ಗೋಡೆ ಎಷ್ಟು ಕಡೆ ಇರಬೇಕು?