ಸಹಾಯ ಬೇಕು: ತೋಟಕ್ಕೆ ಯಾವ 4x4 ಗಾಡಿ, ಥಾರಾ, ಜಿಮ್ನಿಯಾ, ಗೂರ್ಖಾನಾ?

ನಮಸ್ಕಾರ. ನಮ್ಮ ತೋಟ ಕೊಡಗಿನ ಗಾಳಿಬೀಡು ಕಡೆ. ಗೇಟಿನಿಂದ ಕಣದವರೆಗೆ ಮಣ್ಣಿನ ಏರು. ಜುಲೈನಲ್ಲಿ ಅದು ರಸ್ತೆಯಲ್ಲ, ತೋಡು. ಹೋದ ಮಳೆಗಾಲದಲ್ಲಿ ಹಳೇ ಜೀಪು ಗೊಬ್ಬರದ ಚೀಲ ಹೊತ್ತು ಅರ್ಧ ಏರಿನಲ್ಲೇ ಕ್ಲಚ್ ಸುಟ್ಟುಕೊಂಡು ನಿಂತಿತು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಜಿಮ್ನಿ ಹಗುರ, ಕೆಸರಲ್ಲಿ ಹೂತುಕೊಳ್ಳೋದು ಕಮ್ಮಿ ಅನ್ಸುತ್ತೆ. ಆದ್ರೆ ಬರೀ 1.5 ಲೀಟರ್ ಪೆಟ್ರೋಲ್, ಲೋಡ್ ಹಾಕಿದ್ರೆ ಏರುತ್ತಾ? ಥಾರ್‌ನಲ್ಲಿ 2.2 ಲೀಟರ್ ಡೀಸೆಲ್ ಸಿಗುತ್ತೆ. ಗೂರ್ಖಾಗೆ ಹಿಂದೆ ಮುಂದೆ ಎರಡೂ ಕಡೆ ಡಿಫ್ ಲಾಕ್ (ಒಂದು ಚಕ್ರ ಜಾರಿದ್ರೂ ಜೊತೆ ಚಕ್ರಕ್ಕೆ ಎಳೆತ ಸಿಗುತ್ತೆ), ಕಂಪನಿಯದ್ದೇ ಸ್ನಾರ್ಕೆಲ್ (ನೀರಿಗಿಳಿದ್ರೂ ಇಂಜಿನ್‌ಗೆ ಮೇಲಿಂದ ಗಾಳಿ ಎಳೆಯೋ ಕೊಳವೆ). ನನ್ನ ಮನಸ್ಸು ಅದರ ಮೇಲೇ ಇದೆ, ಮನೆಯವಳಿಗೆ ಮಾತ್ರ ಅದು ಲಾರಿ ಥರ ಕಾಣುತ್ತಂತೆ.

ಶೋರೂಮ್ ಮಾತು ಬೇಡ. ಇಲ್ಲಿ ಎರಡು ಮಳೆಗಾಲ ಓಡಿಸಿದವರು ಹೇಳಿ: ಏನು ಕೆಟ್ಟಿತು, ಪಾರ್ಟ್ಸ್ ಎಷ್ಟು ದಿನಕ್ಕೆ ಬಂತು, ಅಡಿಯಲ್ಲಿ ತುಕ್ಕು ಹಿಡಿದಿದೆಯಾ? ಹುತ್ತರಿ ಹಬ್ಬಕ್ಕೆ ಮುಂಚೆ ತಗೋಬೇಕು.