ಇನ್‌ಟೇಕ್ ಮ್ಯಾನಿಫೋಲ್ಡ್ ಸೋರುತ್ತಿದೆಯೇ? ಅನುಭವ ಇದ್ದವರು ತಿಳಿಸಿ

ಸಾಗರದಿಂದ ಪ್ರಶ್ನೆ:

ನಮ್ಮದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ನಡುಗುತ್ತದೆ, ಆಕ್ಸಿಲರೇಟರ್ ಒತ್ತದಿದ್ದಾಗಿನ ವೇಗ, ಅಂದರೆ ಐಡ್ಲಿಂಗ್, ಏರುತ್ತದೆ, ಇಳಿಯುತ್ತದೆ. ಬಾನೆಟ್ ತೆರೆದರೆ ಬುಸ್ಸೆನ್ನುವ ಸದ್ದು. ಹತ್ತು ನಿಮಿಷ ಓಡಿದ ಮೇಲೆ ಎಲ್ಲವೂ ಸರಿ. ಸ್ಕ್ಯಾನರ್‌ನಲ್ಲಿ ಪಿ0171 ಎಂಬ ಕೋಡ್ ಬಂದಿದೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿರಬೇಕು, ಪೂರ್ತಿ ಬದಲಾಯಿಸೋಣ ಎನ್ನುತ್ತಾರೆ ಮೆಕ್ಯಾನಿಕ್. ಬಿರುಕನ್ನು ಅವರೂ ಕಂಡಿಲ್ಲ, ನಾನೂ ಕಂಡಿಲ್ಲ. ಏನು ಮಾಡಲಿ?

ತೀರ್ಥಹಳ್ಳಿಯಿಂದ:

ಸೋರುವ ಜಾಗವನ್ನು ಕಣ್ಣಾರೆ ಕಾಣುವವರೆಗೆ ದಯವಿಟ್ಟು ಹಣ ಬಿಚ್ಚಬೇಡಿ. ಇದೇ ನಡುಕಕ್ಕೆ ನಾನು ಮೊದಲು ಸ್ಪಾರ್ಕ್ ಪ್ಲಗ್ ಹಾಕಿಸಿದೆ, ಆಮೇಲೆ ಇಗ್ನಿಷನ್ ಕಾಯಿಲ್, ಆಮೇಲೆ ಇಂಜೆಕ್ಟರ್ ತೊಳೆಸಿದೆ. ಮೂರು ತಿಂಗಳು ಕಳೆಯಿತು, ನಡುಕ ಇದ್ದಲ್ಲೇ ಇತ್ತು.

ಪಿ0171 ಎಂದರೆ ಒಳಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದಷ್ಟೇ ಅರ್ಥ. ಗಾಳಿ ಕಳ್ಳದಾರಿಯಿಂದ ನುಗ್ಗುತ್ತಿರಬಹುದು, ಪೆಟ್ರೋಲ್ ಪಂಪಿನ ಒತ್ತಡವೇ ಕುಗ್ಗಿರಬಹುದು. ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ. ಮೊಬೈಲಿಗೆ ಜೋಡಿಸುವ ಚಿಕ್ಕ ಸ್ಕ್ಯಾನರ್‌ನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ, ನೋಡಿ. ಐಡ್ಲಿಂಗ್‌ನಲ್ಲಿ ಅದು ಶೇ 15, 20ರಷ್ಟು ಮೇಲಿದ್ದು, ಆರ್‌ಪಿಎಂ 2500ಕ್ಕೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಗಾಳಿಯ ಸೋರಿಕೆ. ಏರಿಸಿದಷ್ಟೂ ಟ್ರಿಮ್ ಕೂಡ ಏರಿದರೆ ಪಂಪ್, ಫಿಲ್ಟರ್ ಕಡೆ ನೋಡಬೇಕು. ಒಂದು ಎಚ್ಚರಿಕೆ: ಗಾಳಿಯ ಪ್ರಮಾಣವನ್ನು ನೇರವಾಗಿ ಅಳೆಯದೆ ಮ್ಯಾನಿಫೋಲ್ಡಿನ ಒತ್ತಡದಿಂದ ಲೆಕ್ಕ ಹಾಕುವ ಕಾರುಗಳಲ್ಲಿ ಈ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ಉತ್ತರ ಕೊಡುವುದಿಲ್ಲ. ಅಲ್ಲಿ ಟ್ರಿಮ್ ಹೆಚ್ಚು ಬದಲಾಗದೆ ಐಡ್ಲಿಂಗ್ ಮಾತ್ರ ಏರಿ ಕೂರುತ್ತದೆ.

ಇನ್ನು ಹುಡುಕುವ ಕೆಲಸ. ನಮ್ಮ ಕಡೆ ಮೊದಲ ಅನುಮಾನ ಇಲಿಯ ಮೇಲೆ. ಅಡಿಕೆ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮ್ಯಾನಿಫೋಲ್ಡಿಗೆ ಸೇರುವ, ಎಂಜಿನ್ನಿನೊಳಗಿನ ಆವಿ ಎಳೆಯುವ ಪಿಸಿವಿ ಹೋಸ್, ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿನ ಹೋಸ್, ಪೆಟ್ರೋಲ್ ಆವಿಯ ಕೊಳವೆ, ಎಲ್ಲವನ್ನೂ ಬೆರಳಿನಿಂದ ಸವರಿ, ಬಗ್ಗಿಸಿ ನೋಡಿ. ಬಿರುಕು ಹೆಚ್ಚಾಗಿ ಹೋಸಿನ ಕೆಳಮೈಯಲ್ಲಿ, ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ.

ನಿಮ್ಮ ಕಾರು ಬಿಸಿಯಾದ ಮೇಲೆ ಸರಿಹೋಗುತ್ತದೆ ಎಂದಿರಲ್ಲ, ಅದೇ ದೊಡ್ಡ ಸುಳಿವು. ಈ ಮ್ಯಾನಿಫೋಲ್ಡುಗಳು ಗಾಜಿನ ನಾರು ಬೆರೆತ ನೈಲಾನಿನವು. ಕಾದಾಗ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ತಣಿದಾಗ ಮತ್ತೆ ಬಾಯಿ ಬಿಡುತ್ತದೆ. ಗ್ಯಾರೇಜು ತಲುಪುವಷ್ಟರಲ್ಲಿ ರೋಗ ಮಾಯವಾಗಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ, ಬೆಳಿಗ್ಗೆ ತಣ್ಣಗಿರುವಾಗಲೇ ನೋಡಲಿ. ಸೋಪಿನ ನೀರು ಹಾಕಿ ಗುಳ್ಳೆಗಾಗಿ ಕಾಯಬೇಡಿ. ಎಂಜಿನ್ ಓಡುವಾಗ ಗಾಳಿ ಒಳಕ್ಕೆ ಎಳೆಯುತ್ತದೆಯೇ ಹೊರತು ಹೊರಕ್ಕೆ ಊದುವುದಿಲ್ಲ. ಪ್ಲಗ್, ಕನೆಕ್ಟರ್ ತೋಯದಂತೆ ಸಂದುಗಳಿಗೆ ಮಾತ್ರ ಸಣ್ಣಗೆ ನೀರು ಸಿಂಪಡಿಸಿದರೆ, ಸೋರುವ ಜಾಗದಲ್ಲಿ ನೀರೇ ಕ್ಷಣ ಕಾಲ ಬಿರುಕನ್ನು ಮುಚ್ಚಿ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುತ್ತಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ, ಬೇಡ.

ನನ್ನ ಕಾರಿನ ಗುಟ್ಟು ಬಯಲಾದದ್ದು ಸ್ಮೋಕ್ ಟೆಸ್ಟ್‌ನಲ್ಲಿ. ಎಂಜಿನ್ ನಿಲ್ಲಿಸಿ ಮ್ಯಾನಿಫೋಲ್ಡಿನೊಳಗೆ ಮಂದ ಒತ್ತಡದಲ್ಲಿ ಹೊಗೆ ಬಿಟ್ಟರು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ನಾಲ್ಕನೇ ಸಿಲಿಂಡರಿನ ಕೊಳವೆಯ ಅಡಿಯಿಂದ ಊದುಬತ್ತಿಯ ಹೊಗೆಯಂತೆ ಒಂದು ಎಳೆ ಮೇಲೆದ್ದಿತು. ಕನ್ನಡಿ ಹಿಡಿದು ಟಾರ್ಚ್ ಬಿಟ್ಟರೆ, ಅಚ್ಚಿನ ಜೋಡಣೆಯ ಗೆರೆಯುದ್ದಕ್ಕೂ ಕೂದಲೆಳೆಯಂಥ ಸೀಳು. ಅದಕ್ಕೆ ಮೊದಲೇ ಯಾರೋ ಎಪಾಕ್ಸಿ ಅಂಟು ಮೆತ್ತಿದ್ದರು, ಅದೂ ಒಡೆದಿತ್ತು. ಉಗುರು ತಾಗಿಸಿದರೆ ಚೂರು ಉದುರಿತು. ಅಂಥ ಚೂರು ಸಿಲಿಂಡರಿನೊಳಗೆ ಹೋದರೆ ಗತಿಯೇನು? ಬಿರುಕು ಖಚಿತವಾದರೆ ಹೊಸದೇ ಹಾಕಿಸಿ, ಅಂಟು ಬೇಡ.

ಶಿವಮೊಗ್ಗದಿಂದ:

ನಾನು ಇದೇ ಕೆಲಸದವನು. ತೀರ್ಥಹಳ್ಳಿಯವರು ಹೇಳಿದ್ದೆಲ್ಲ ಸರಿ. ಮ್ಯಾನಿಫೋಲ್ಡಿನೊಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇಟ್ಟು ನೋಡುವವರಿಗೆ ಒಂದು ಮಾತು: ಪುಸ್ತಕದಲ್ಲಿರುವ 17ರಿಂದ 22 ಇಂಚು ಪಾದರಸ ಎಂಬುದು ಸಮುದ್ರಮಟ್ಟದ ಲೆಕ್ಕ. ನಮ್ಮ ಊರು ಸುಮಾರು 570 ಮೀಟರ್ ಎತ್ತರದಲ್ಲಿದೆ, ಇಲ್ಲಿ ಎರಡು ಇಂಚಿನ ಹತ್ತಿರ ಕಡಿಮೆಯೇ ತೋರಿಸುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ಬಿಚ್ಚುವುದಕ್ಕಿಂತ ಕೂರಿಸುವುದರಲ್ಲಿ ಕೆಲಸ ಕೆಡುತ್ತದೆ. ಎಂಜಿನ್ ಪೂರ್ತಿ ತಣಿದಿರಲಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿರಲಿ, ಇಂಧನದ ಒತ್ತಡ ಇಳಿಸಿರಲಿ. ಹೋಸ್ ಒಂದೊಂದಕ್ಕೂ ಟೇಪ್ ಸುತ್ತಿ ಗುರುತು ಬರೆಯಿರಿ. ಮ್ಯಾನಿಫೋಲ್ಡ್ ಹೊರಬಂದ ಕೂಡಲೇ ಸಿಲಿಂಡರ್ ಹೆಡ್ಡಿನ ತೂತುಗಳಿಗೆ ಶುದ್ಧ ಬಟ್ಟೆ ತುರುಕಿ, ಮುಚ್ಚುವ ಮೊದಲು ಎಣಿಸಿ ತೆಗೆಯಿರಿ. ಹೆಡ್ ಅಲ್ಯೂಮಿನಿಯಂನದು, ಕಬ್ಬಿಣದ ಬ್ಲೇಡಿನಿಂದ ಕೆರೆದರೆ ಗೀರು ಬಿದ್ದು ಹೊಸ ಸೋರಿಕೆ ಶುರುವಾಗುತ್ತದೆ. ಮ್ಯಾನಿಫೋಲ್ಡ್, ಹೆಡ್ ನಡುವಿನ ಸಂದು ಮುಚ್ಚುವ ರಬ್ಬರ್ ಗ್ಯಾಸ್ಕೆಟ್ಟಿಗೆ ಸೀಲಂಟ್ ಹಚ್ಚಬೇಡಿ, ಅದು ಒಣಗಿದ್ದೇ ಕೂರಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಚಿಕ್ಕ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಆದರೆ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ. ಕೈಯಂದಾಜಿನಲ್ಲಿ ಬಿಗಿದು ಹೊಸ ಮ್ಯಾನಿಫೋಲ್ಡನ್ನೇ ಸೀಳಿದ್ದನ್ನು ನಾನು ನೋಡಿದ್ದೇನೆ. ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಇಲ್ಲದ ಕಡೆ ಈ ಕೆಲಸ ಕೊಡಬೇಡಿ.

ಕೊಪ್ಪದಿಂದ:

ಬ್ರೇಕ್ ಬೂಸ್ಟರಿಗೆ ಎಳೆತ ಸಿಗುವುದು ಇದೇ ಮ್ಯಾನಿಫೋಲ್ಡಿನಿಂದ. ಸೋರಿಕೆ ಹೆಚ್ಚಾದರೆ ಪೆಡಲ್ ಕಲ್ಲಿನಂತಾಗುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವವರು ಹೊರಡುವ ಮೊದಲು ನೋಡಿಕೊಳ್ಳಿ: ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಘಾಟಿ ಇಳಿಯಬೇಡಿ.

ಸಾಗರದಿಂದ, ಒಂಬತ್ತು ದಿನಗಳ ನಂತರ:

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿ ಕಾರು ಬಿಟ್ಟು ಬಂದು ಬೆಳಿಗ್ಗೆ ಸ್ಮೋಕ್ ಟೆಸ್ಟ್ ಮಾಡಿಸಿದೆ. ಮ್ಯಾನಿಫೋಲ್ಡಿನಲ್ಲಿ ಎಲ್ಲಿಯೂ ಬಿರುಕಿಲ್ಲ. ಹೊಗೆ ಬಂದದ್ದು ಮೂರನೇ ಸಿಲಿಂಡರಿನ ಗ್ಯಾಸ್ಕೆಟ್ ಸಂದಿಯಿಂದ. ಹಳೆಯ ಗ್ಯಾಸ್ಕೆಟ್ ಒಣ ನಾರಿನಂತೆ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಗ್ಯಾಸ್ಕೆಟ್‌ಗಳನ್ನಷ್ಟೇ ಬದಲಾಯಿಸಿ, ಅದೇ ಮ್ಯಾನಿಫೋಲ್ಡ್ ಕೂರಿಸಿದರು. ಟ್ರಿಮ್ ಶೇ 18ರಿಂದ 3ಕ್ಕೆ ಇಳಿದಿದೆ. ಇವತ್ತು ಬೆಳಿಗ್ಗೆ ಆರೂವರೆಗೆ, ಮಂಜು ಸುರಿಯುವಾಗಲೇ ಸ್ಟಾರ್ಟ್ ಮಾಡಿದೆ. ಆರ್‌ಪಿಎಂ ಮುಳ್ಳು 1200ಕ್ಕೆ ಏರಿತು, ನಿಧಾನವಾಗಿ 800ಕ್ಕೆ ಇಳಿದು ಅಲ್ಲಿಯೇ ನಿಂತಿತು.