ಅಶೋಕದ ತೊಗಟೆ ಕಷಾಯ: ಆಯುರ್ವೇದ ಡಾಕ್ಟರಿಗೆ ನಿಮ್ಮ ಪ್ರಶ್ನೆಗಳು

ರಮ್ಯಾ: ಮೇಡಂ, "ಮನೆ ಮುಂದಿನ ಅಶೋಕದ ತೊಗಟೆ ಹಾಲಲ್ಲಿ ಕುದಿಸಿ ಏಳು ದಿನ ಕುಡಿಯಿರಿ, ಮುಟ್ಟಿನ ಎಲ್ಲಾ ತೊಂದರೆ ಮಾಯ" ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ಡಾಕ್ಟರ್: ಯಾವ ಅಶೋಕ? ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರ ಔಷಧಿಯದ್ದಲ್ಲ. ಅದರ ಎಲೆ ಒಂಟಿ, ಅಂಚು ಅಲೆ ಅಲೆ, ಹೂವು ತಿಳಿಹಸಿರು. ಔಷಧಿಗೆ ಬೇಕಾದ್ದು ಸೀತಾ ಅಶೋಕ. ಒಂದೇ ಕಡ್ಡಿಗೆ ನಾಲ್ಕೈದು ಜೋಡಿ ಎಲೆ, ತಾಮ್ರದ ಬಣ್ಣದ ಚಿಗುರು ಜೋತು ಬಿದ್ದಿರುತ್ತೆ, ಹೂಗೊಂಚಲು ಮೊದಲು ಕಿತ್ತಳೆ, ಆಮೇಲೆ ಕೆಂಪು.

ಮಂಜುನಾಥ: ಎರಡೂ ಅಶೋಕಾನೇ ಅಲ್ವಾ ಮೇಡಂ?

ಡಾಕ್ಟರ್: ಅಲ್ಲ.

ಶೈಲಜಾ: ನಮ್ಮಮ್ಮನಿಗೆ 58. ಮುಟ್ಟು ನಿಂತು ಐದಾರು ವರ್ಷ ಆಗಿತ್ತು. ಈಗ ಮತ್ತೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತಿದೆ. ಪಕ್ಕದ ಮನೆ ಆಂಟಿ ಇದೇ ಕಷಾಯ ಹೇಳಿದರು, ಕುಡಿದ ಮೇಲೆ ಕಮ್ಮಿ ಆಗಿದೆ. ಮುಂದುವರಿಸಬಹುದಾ?

ಡಾಕ್ಟರ್: ಬೇಡ ಶೈಲಜಾ ಅವರೇ, ಇವತ್ತೇ ನಿಲ್ಲಿಸಿ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ಕಂಡರೂ ಅದನ್ನು ಮುಟ್ಟು ಅಂತ ಲೆಕ್ಕ ಹಾಕುವ ಹಾಗಿಲ್ಲ. ಹೆಚ್ಚಿನವರಲ್ಲಿ ಗರ್ಭಕೋಶದ ಒಳಪದರ ತೆಳುವಾಗಿಯೋ, ಸಣ್ಣ ಗಂಟಿನಿಂದಲೋ ಬರುತ್ತೆ, ಆದರೆ ಕೆಲವರಲ್ಲಿ ಅದೇ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ, ಬೇಗ ಸಿಕ್ಕರೆ ವಾಸಿಯಾಗುವಂಥದ್ದು. ಕಮ್ಮಿ ಆಗಿದೆ ಅಂದಿರಲ್ಲ, ನನಗೆ ಅದೇ ಜಾಸ್ತಿ ಭಯ. ಇಂಥ ರಕ್ತ ತಾನಾಗೇ ನಿಲ್ಲುತ್ತೆ, ತಾನಾಗೇ ಬರುತ್ತೆ, ಹೆಸರು ಕಷಾಯಕ್ಕೆ ಹೋಗುತ್ತೆ, ತಿಂಗಳುಗಳು ಕಳೆದುಹೋಗುತ್ತವೆ. ಈ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಸ್ಕ್ಯಾನಿನಲ್ಲಿ ಒಳಪದರದ ದಪ್ಪ ನೋಡುತ್ತಾರೆ, ಬೇಕಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ತೊಗಟೆ ಯಾವ ಮರದ್ದು? ಅಮ್ಮ ಬೇರೆ ಯಾವ ಮಾತ್ರೆ ತಗೊಳ್ಳುತ್ತಾರೆ?

ಶೈಲಜಾ: ಕಂಬದ ಥರದ್ದೇ ಮೇಡಂ. ಬಿಪಿ ಮಾತ್ರೆ, ಆಸ್ಪಿರಿನ್ ಇದೆ.

ಡಾಕ್ಟರ್: ಆಸ್ಪಿರಿನ್ ನೀವಾಗಿ ನಿಲ್ಲಿಸಬೇಡಿ. ಚೀಟಿ ತಗೊಂಡು ಹೋಗಿ, ಕಷಾಯದ ವಿಷಯವನ್ನೂ ಹೇಳಿ.

ಗಣೇಶ: ಸ್ಕ್ಯಾನಿಗೆ ಕಳಿಸೋಕೆ ಆಯುರ್ವೇದ ಡಾಕ್ಟರ್ ಯಾಕೆ ಬೇಕಿತ್ತು? ನಮ್ಮ ಹಿರಿಯರು ಸ್ಕ್ಯಾನ್ ಮಾಡಿಸಿದ್ರಾ?

ಡಾಕ್ಟರ್: ಜಾಸ್ತಿ ರಕ್ತ ಹೋಗುವುದಕ್ಕೆ ಅಶೋಕ ನಾನೂ ಕೊಡುತ್ತೇನೆ. ಕಾರಣ ಗೊತ್ತಾದ ಮೇಲೆ.

ನಾಗರತ್ನ: ಶುಗರ್ ಇದ್ದವರು ಅಶೋಕದ ತೊಗಟೆಯ ಟಾನಿಕ್, ಅಶೋಕಾರಿಷ್ಟ ಕುಡಿಯಬಹುದಾ?

ಡಾಕ್ಟರ್: ಅದರಲ್ಲಿ ಬೆಲ್ಲ ಇದೆ, ಹುದುಗಿ ಬಂದ ಆಲ್ಕೋಹಾಲೂ ಇದೆ. ನಿಮ್ಮ ವೈದ್ಯರನ್ನು ಕೇಳದೆ ಬೇಡ. ಗರ್ಭಿಣಿಯರಂತೂ ಬೇಡವೇ ಬೇಡ.

ಪ್ರಕಾಶ: ಸೀತಾ ಅಶೋಕ ಮನೆ ಹತ್ತಿರ ನೆಡಬಹುದಾ? ಯಾವ ದಿಕ್ಕು?

ಗಣೇಶ: ಸೀತೆ ಕಣ್ಣೀರಿಟ್ಟ ಮರ. ಬೇಡ.

ಶೋಭಾ: ಸುಮ್ನೆ ಏನೇನೋ ಹೇಳಬೇಡಿ. ಮನ್ಮಥನ ಐದು ಬಾಣಗಳಲ್ಲಿ ಅಶೋಕದ ಹೂವೂ ಒಂದು, ಚೈತ್ರದ ಅಶೋಕಾಷ್ಟಮಿಗೆ ಇದರ ಮೊಗ್ಗು ತಿನ್ನುತ್ತಾರೆ. ಕೆಟ್ಟ ಮರ ಆಗಿದ್ದರೆ ದೇವಸ್ಥಾನದಲ್ಲಿ ಯಾಕೆ ಬೆಳೆಸುತ್ತಾರೆ?

ಮಂಜುನಾಥ: ಬುದ್ಧ ಹುಟ್ಟಿದ್ದೂ ಇದರ ಕೆಳಗೇ.

ಗಣೇಶ: ಅದು ಸಾಲ ವೃಕ್ಷ ಸ್ವಾಮಿ.

ಮಂಜುನಾಥ: ಎರಡೂ ಕಥೆ ಇದೆ. ಓದಿ ಬನ್ನಿ.

ಗಣೇಶ: ಮೊದಲು ನೀವು ಎರಡು ಮರದ ವ್ಯತ್ಯಾಸ ಕಲೀರಿ.

ರಮ್ಯಾ: ಮೇಡಂ, ಪಿಸಿಓಡಿಗೆ, ಅಂದ್ರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆಗೆ, ಈ ಕಷಾಯ?

ವಿದ್ಯಾ: ಪಿಸಿಓಡಿಗೆ ಆಗುತ್ತಾ ಮೇಡಂ?

ಡಾಕ್ಟರ್: ಗುಂಪಿನಲ್ಲಿ ಔಷಧಿ ಬರೆಯಲ್ಲ. ಜಗಳ ಬೇರೆ ಕಡೆ ಆಡಿ. ದೇವಸ್ಥಾನದ ಮರದ ತೊಗಟೆ ಸುತ್ತಲೂ ಸುಲಿದು ಹೆಮ್ಮೆಯಿಂದ ಫೋಟೋ ಹಾಕಿದವರು ಯಾರು? ಹಾಗೆ ಸುಲಿದರೆ ಎಲೆಯ ಆಹಾರ ಬೇರಿಗೆ ಇಳಿಯಲ್ಲ, ಮರ ಒಣಗುತ್ತೆ. 1998ರಲ್ಲೇ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಸೀತಾ ಅಶೋಕವನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದೆ. ತೊಗಟೆಗೆ ಎಷ್ಟು ಕೊರತೆ ಅಂದರೆ, ಅಂಗಡಿ ಚಕ್ಕೆಯಲ್ಲೂ ಬೇರೆ ಮರದ್ದು ಬೆರೆಸುತ್ತಾರೆ.

ಶೈಲಜಾ: ಗುರುವಾರ ಸ್ಕ್ಯಾನಿಗೆ ಟೈಮ್ ಸಿಕ್ಕಿದೆ ಮೇಡಂ. ಅಮ್ಮ ಬರಲ್ಲ ಅಂತಿದ್ದಾರೆ.

ಡಾಕ್ಟರ್: ಸಂಜೆ ಏಳರ ಮೇಲೆ ಅಮ್ಮನ ಹತ್ತಿರ ಫೋನ್ ಮಾಡಿಸಿ, ನಾನೇ ಮಾತಾಡುತ್ತೇನೆ. ರಿಪೋರ್ಟ್ ಬಂದರೆ ನನಗೊಬ್ಬಳಿಗೇ ಕಳಿಸಿ, ಇಲ್ಲಿ ಹಾಕಬೇಡಿ.